ಎಸ್.ಪಿ. ರಸ್ತೆಯಿಂದ ಮನೆಗೆ ಬಂದ ಕಾರ್ಡು

ಬೆಂಗಳೂರಿನ ಪುರಭವನದ ಬಳಿ ಜೆ.ಸಿ. ರಸ್ತೆ ದಾಟಿ ಹಳೆಯ ಪೇಟೆಯತ್ತ ತಿರುಗಿದರೆ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹಲವರಿಗೆ ಗೊತ್ತಿಲ್ಲ, ‘ಎಸ್.ಪಿ. ರೋಡು’ ಎಂದರೆ ಯಾರೂ ದಾರಿ ತೋರಿಸುತ್ತಾರೆ. 2017ರಲ್ಲಿ ಮೆಟ್ರೊ ಸುರಂಗ ಮಾರ್ಗ ತೆರೆದ ಮೇಲೆ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆದು ಬರುವವರೂ ಉಂಟು.

ಕಿರಿದಾದ ರಸ್ತೆ, ಒತ್ತೊತ್ತಾಗಿ ಮಳಿಗೆಗಳು. ಬಿಡಿ ರೆಸಿಸ್ಟರಿನಿಂದ ಹಿಡಿದು ದುಬಾರಿ ಗ್ರಾಫಿಕ್ಸ್ ಕಾರ್ಡಿನವರೆಗೆ ಎಲ್ಲವೂ ಇಲ್ಲಿ ಲಭ್ಯ. ಕಾಲೇಜು ಸೇರಿದ ಮಗನನ್ನೋ ಮಗಳನ್ನೋ ಕರೆತಂದ ತಂದೆತಾಯಿ ನಾಲ್ಕು ಕಡೆ ಬೆಲೆ ವಿಚಾರಿಸಿ ಕೊಳ್ಳುವ ದೃಶ್ಯ ಇಲ್ಲಿ ಸಾಮಾನ್ಯ. ಕಾರ್ಡಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡರೆ ಮುಂದೆ ವಾರಂಟಿ ಕೇಳಲು ಅನುಕೂಲ.

ಕಂಪ್ಯೂಟರಿಗೆ ಬೇಕಾದ ಕಾರ್ಡನ್ನು ಬಳಸುವವರೇ ಸೇರಿಸುವ ಅನುಕೂಲ ಹೊಸದಲ್ಲ. 1981ರ ಐಬಿಎಂ ಪಿಸಿಯಲ್ಲೇ ಇದಕ್ಕೆಂದು ಐದು ಸ್ಲಾಟುಗಳಿದ್ದವು. 1992ರಲ್ಲಿ ಪಿಸಿಐ, 2003ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದವು. ಸ್ಲಾಟಿನ ಆಕಾರ ಬದಲಾದರೂ ಕಾರ್ಡು ಕೂರಿಸುವ ಕೈಯ ಜಾಗ್ರತೆ ಮಾತ್ರ ಬದಲಾಗಿಲ್ಲ.

ಮಳಿಗೆಯಿಂದ ಮನೆಗೆ ಬಂದ ಕಾರ್ಡಿಗೆ ದೊಡ್ಡ ಶತ್ರು ಸ್ಥಿರ ವಿದ್ಯುತ್. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವುದು ಶಾಲೆಯ ಪಾಠ. ಅದೇ ವಿದ್ಯುತ್ ನಮ್ಮ ಮೈಮೇಲೂ ಸೇರುತ್ತದೆ. ಸುಮಾರು 3,000 ವೋಲ್ಟ್ ಆಗುವವರೆಗೆ ಅದು ನಮ್ಮ ಅರಿವಿಗೆ ಬಾರದು. ಕೆಲವು ಚಿಪ್ಪುಗಳು ಕೆಡಲು 100 ವೋಲ್ಟ್ ಸಾಕು. ಪೆಟ್ಟು ತಿಂದ ಚಿಪ್ಪು ಅಂದೇ ಸಾಯದೆ, ಕೆಲವು ತಿಂಗಳ ನಂತರ ಕೈಕೊಡುವುದೂ ಉಂಟು. ಗಾಳಿ ಒಣಗಿರುವ ಫೆಬ್ರುವರಿ–ಮಾರ್ಚ್‌ನಲ್ಲಿ, ನೈಲಾನ್ ಬಟ್ಟೆ ತೊಟ್ಟವರಿಗೆ ಈ ಕಾಟ ಹೆಚ್ಚು.

ಆದ್ದರಿಂದ ಮೊದಲು ಕಂಪ್ಯೂಟರನ್ನು ಕ್ರಮವಾಗಿ ಆರಿಸಿ, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ನಂತರ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಇಳಿಯುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಕೂಡದು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ಮೇಲೆಯೇ ಕಾರ್ಡಿಗೆ ಕೈಹಾಕುವುದು ಕ್ಷೇಮ. ಕೆಲಸದ ನಡುವೆ ಎದ್ದು ಓಡಾಡಿದರೆ ಮತ್ತೊಮ್ಮೆ ಮುಟ್ಟಬೇಕು.

ಹಳೆಯ ಕಾರ್ಡು ತೆಗೆಯುವಾಗ ಅದಕ್ಕೆ ಜೋಡಿಸಿದ ತಂತಿಗಳನ್ನು ಬಿಡಿಸಿ, ಹಿಂಬದಿಯ ಸ್ಕ್ರೂ ಬಿಚ್ಚಬೇಕು. ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿಗೆ ತುದಿಯಲ್ಲಿ ಪುಟ್ಟ ಕೊಕ್ಕೆಯಿರುತ್ತದೆ; ಅದನ್ನು ಸಡಿಲಿಸದೆ ಎಳೆದರೆ ಮದರ್‌ಬೋರ್ಡಿಗೇ ಹಾನಿ. ಹೊಸ ಕಾರ್ಡನ್ನು ಅಂಚಿನಲ್ಲಿ ಹಿಡಿದು, ಚಿನ್ನದ ಲೇಪದ ಹಲ್ಲುಗಳನ್ನು ಮುಟ್ಟದೆ, ನೇರವಾಗಿ ಒಂದೇ ಸಮನೆ ಒತ್ತಬೇಕು. ಕೂರದಿದ್ದರೆ ಬಲ ಹಾಕಬಾರದು. ತೆಗೆದು, ಕಚ್ಚು ಹೊಂದುತ್ತಿದೆಯೇ ನೋಡಿ ಮತ್ತೆ ಇಡಬೇಕು. ಕೊನೆಗೆ ಸ್ಕ್ರೂ ಬಿಗಿಯಬೇಕು.

ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಕೊಡುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈನಿಂದ ಪ್ರತ್ಯೇಕ ತಂತಿ ಬೇಕು. ಅಷ್ಟು ಶಕ್ತಿ ಅದಕ್ಕಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಜಾಣತನ.

ಹತ್ತು ನಿಮಿಷದ ಕೆಲಸವಿದು. ಮಗಳು ಮಾಡುವಾಗ ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತರೆ ಸಾಕು. ಅವಸರಪಡಿಸದಿದ್ದರೆ ಇನ್ನೂ ಒಳ್ಳೆಯದು.