ಜಗಳವಾಡಲಿಕ್ಕೊಬ್ಬ ಮನುಷ್ಯ ಬೇಕು

ಹುಮನಾಬಾದಿನ ಪೇಟೆಯಲ್ಲಿ ಜಗಳಕ್ಕೂ ಒಂದು ಶಿಸ್ತಿದೆ. ಮಿಕ್ಸರ್ ಕೆಟ್ಟಿತೆಂದು ಅಂಗಡಿ ಹತ್ತಿದವರು ಮೊದಲು ಕನ್ನಡದಲ್ಲಿ ಏರುತ್ತಾರೆ: ‘ಏನ್ರಿ ಸಾವ್ಕಾರ್ರ, ಎಂಥ ಮಾಲ್ ಕೊಟ್ಟೀರಿ?’ ಸಾವ್ಕಾರರು ಕನ್ನಡಕ ಹಾಕಿಕೊಂಡು, ಬಿಲ್ಲಿನ ತಾರೀಖು ನೋಡಿ, ಮರಾಠಿಯಲ್ಲಿ ತಿಂಗಳು ಎಣಿಸುತ್ತಾರೆ. ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ದಖನಿ ಉರ್ದುವಿನಲ್ಲಿ ರಾಜಿ ಪಂಚಾಯಿತಿ ಶುರುಮಾಡುತ್ತಾನೆ. ಅಷ್ಟರಲ್ಲಿ ಚಹಾ ಬರುತ್ತದೆ. ಬೈಯಲಿಕ್ಕೆ ಬಂದವರು ಚಹಾ ಬೇಡವೆನ್ನುವಂತಿಲ್ಲ, ಕುಡಿದ ಮೇಲೆ ಮೊದಲಿನಷ್ಟು ಜೋರಾಗಿ ಬೈಯುವಂತೆಯೂ ಇಲ್ಲ. ಮಿಕ್ಸರ್ ಸರಿಹೋಗಲಿ ಬಿಡಲಿ, ಹೊಟ್ಟೆಯೊಳಗಿನ ಉರಿ ಅಲ್ಲೇ ಆರಿರುತ್ತದೆ. ಸಾವ್ಕಾರರಿಗೂ ಒಂದು ಅಂಜಿಕೆ ಇದ್ದೇ ಇದೆ. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಯಲ್ಲಿ ಈ ಗಿರಾಕಿ ಎದುರಾಗುವವರೇ. ಆ ಗದ್ದಲದಲ್ಲಿ ಮುಖ ತಪ್ಪಿಸಿಕೊಂಡು ಹೋಗಲು ದಾರಿ ಸಿಗುವುದಿಲ್ಲ.

ಈಗಿನ ತಂತ್ರಜ್ಞಾನದ ಕಂಪನಿಗಳು ನಮ್ಮಿಂದ ಕಸಿದದ್ದರಲ್ಲಿ ನನಗೆ ಹೆಚ್ಚು ಸಂಕಟ ತಂದಿರುವುದು ಈ ಜಗಳ. ಹಣ ಹೋಯಿತು, ವೇಳೆ ಹೋಯಿತು, ಗುಟ್ಟು ರಟ್ಟಾಯಿತು ಎಂದು ತಿಳಿದವರು ಬರೆಯುತ್ತಲೇ ಇದ್ದಾರೆ. ಜಗಳ ಹೋದದ್ದಕ್ಕೆ ಮರುಗುವವರು ಕಡಿಮೆ.

ನಮ್ಮ ಮನೆಯ ಟಿವಿಯ ವಿಷಯವನ್ನೇ ಹೇಳುತ್ತೇನೆ. ರೊಕ್ಕ ಎಣಿಸಿಕೊಟ್ಟು ತಂದದ್ದು. ಅವ್ವ ರಿಮೋಟಿನ ಯಾವ ಗುಂಡಿ ಒತ್ತಿದರೆ ಏನು ಬರುತ್ತದೆಂದು ಬೆರಳಿನಲ್ಲೇ ಕಲಿತಿದ್ದಳು, ಕಣ್ಣು ಬೇಕಿರಲಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಅದಕ್ಕೆ ಅಪ್‌ಡೇಟ್ ಆಯಿತು. ಬೆಳಗ್ಗೆ ನೋಡಿದರೆ ಪರದೆಯ ಅರ್ಧಕ್ಕೂ ಹೆಚ್ಚು ಜಾಗದಲ್ಲಿ ಜಾಹೀರಾತು, ಅವ್ವನ ಚಾನೆಲ್ಲು ಮೂರು ಮೆಟ್ಟಿಲು ಕೆಳಗೆ. ಇನ್ನು ಸ್ವಲ್ಪ ದಿನಕ್ಕೆ ಅವಳು ದಿನವೂ ವಚನ ಕೇಳುತ್ತಿದ್ದ ಆ್ಯಪ್ ‘ಈ ಸಾಧನಕ್ಕೆ ಬೆಂಬಲವಿಲ್ಲ’ ಎಂದು ಬರೆದುಕೊಂಡು ಕೂತಿತು. ‘ಟಿವಿ ನಮ್ದೋ ಅವರದೋ?’ ಎಂದಳು ಅವ್ವ.

ಸಹಾಯವಾಣಿಗೆ ಫೋನು ಹಚ್ಚಿದೆ. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. ಒತ್ತಿದ ಮೇಲೆ ಹಿಂದಿಯಲ್ಲಿ ಮಾತಾಡಿದರು. ನನ್ನ ಕರೆ ಅಮೂಲ್ಯವಾದದ್ದೆಂದು ತಿಳಿಸಿ, ಅದು ಎಷ್ಟು ಅಮೂಲ್ಯವೆಂದರೆ ಯಾರೂ ಮುಟ್ಟಬಾರದೆಂಬಂತೆ, ಹಾಡು ಹಾಕಿ ಇಟ್ಟರು. ಕೊನೆಗೆ ಚಾಟ್ ಮಾಡಿ ಎಂಬ ಸೂಚನೆ ಬಂತು. ಅಲ್ಲಿ ಹೆಣ್ಣುಮಗಳ ಹೆಸರಿಟ್ಟ ಒಂದು ಯಂತ್ರವಿತ್ತು. ನಾನು ಬರೆದದ್ದಕ್ಕೆಲ್ಲ ‘ನಿಮ್ಮ ತೊಂದರೆ ಅರ್ಥವಾಯಿತು’ ಎಂದಿತು. ಏನು ಅರ್ಥವಾಯಿತು ಎಂದು ಕೇಳಿದೆ, ಟಿವಿಯನ್ನು ಆರಿಸಿ ಮತ್ತೆ ಹಚ್ಚಿರಿ ಎಂದಿತು. ಸಿಟ್ಟು ನೆತ್ತಿಗೇರಿ ಬೀದರ ಜಿಲ್ಲೆಯಲ್ಲಿ ಚಾಲ್ತಿಯಲ್ಲಿರುವ ಎರಡು ಮಾತು ಟೈಪು ಮಾಡಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಉತ್ತರ ಬಂತು, ಹಿಂದೆಯೇ ಐದು ನಕ್ಷತ್ರ ಕೊಡಿ ಎಂಬ ಬೇಡಿಕೆ. ಬೈದದ್ದಕ್ಕೆ ಧನ್ಯವಾದ ಹೇಳುವವರ ಜೊತೆ ಹ್ಯಾಗೆ ಜಗಳವಾಡುವುದು? ಬೈಗುಳವೂ ಒಂದು ಮರ್ಯಾದೆಯೇ. ಕೇಳಿಸಿಕೊಳ್ಳುವವರು ಇದ್ದಾರೆಂದು ನಂಬಿ ಆಡುವ ಮಾತು ಅದು.

ಟಿವಿ ಮಾರಿದ ಅಂಗಡಿಗೇ ಹೋದೆ. ಅವರು ಪಾಪ ಚಹಾ ತರಿಸಿದರು. ‘ನಾ ಡಬ್ಬಿ ಮಾರೀನ್ರಿ ಸರ, ಒಳಗಿಂದು ನಂದಲ್ಲ’ ಎಂದರು.

ಆ ಒಳಗಿನದು ಯಾರದು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಹೆದ್ದಾರಿ ಹಿಡಿದು ಪಡುವಲಕ್ಕೆ ಹೋದರೆ ಬಸವಕಲ್ಯಾಣ. ಬಸವಣ್ಣನವರಿಗಿಂತ ಮೊದಲು, ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬ್ರಿಟಿಷರ ಕಾಲದ ಕೋರ್ಟುಗಳೂ ಬಂಗಾಳದಂಥ ಕಡೆ ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿದ್ದು ಆ ಪುಸ್ತಕ ಹಿಡಿದೇ. ಅದರಲ್ಲಿ ಆತ ಒಂದು ಮೂಲದ ತಕರಾರು ಎತ್ತುತ್ತಾನೆ: ಒಂದು ವಸ್ತು ನನ್ನದು ಎಂಬುದು ಶಾಸ್ತ್ರ ಹೇಳಿದ್ದರಿಂದ ಗೊತ್ತಾಗುತ್ತದೆಯೋ, ಲೋಕದ ವ್ಯವಹಾರದಿಂದಲೋ? ಲೋಕದಿಂದ ಎಂದೇ ಅವನ ತೀರ್ಮಾನ. ಶಾಸ್ತ್ರದ ಗಾಳಿ ಬೀಸದ ಗಡಿಸೀಮೆಯವರೂ ಕೊಂಡು ಮಾರಿ ಮಾಡುತ್ತಾರಲ್ಲ, ಅವರಿಗೆ ನನ್ನದು-ನಿನ್ನದು ಗೊತ್ತಿಲ್ಲವೇ ಎಂಬುದು ಅವನ ವಾದದ ಒಂದು ಎಳೆ. (ರಾಜಧಾನಿಯಲ್ಲಿ ಕೂತು ಬರೆದವನು, ಮುಂದೊಂದು ದಿನ ಈ ಕಲ್ಯಾಣವೇ ಮಹಾರಾಷ್ಟ್ರ, ತೆಲಂಗಾಣಗಳ ನಡುವೆ ಗಡಿಸೀಮೆಯಾಗುತ್ತದೆಂದು ಅವನಿಗೇನು ಗೊತ್ತು.) ವಸ್ತುವೊಂದು ತನ್ನದಾಗುವ ದಾರಿಗಳನ್ನು ಹಳೆಯ ಧರ್ಮಸೂತ್ರ ಐದಾಗಿ ಎಣಿಸಿತ್ತು, ಅವನೂ ಅದನ್ನು ಮುಂದಿಟ್ಟು ಚರ್ಚಿಸುತ್ತಾನೆ: ಹಿರಿಯರಿಂದ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದು, ಒಡೆಯರಿಲ್ಲದ್ದನ್ನು ಕೈವಶ ಮಾಡಿಕೊಂಡದ್ದು, ಸಿಕ್ಕಿದ್ದು.

ಕೊಂಡರೆ ನನ್ನದು. ನಮ್ಮ ಅವ್ವನ ಲೆಕ್ಕವೂ ಇಷ್ಟೇ. ಆದರೆ ಟಿವಿಯನ್ನು ಮೊದಲ ಸಲ ಹಚ್ಚಿದಾಗ ಇಪ್ಪತ್ತು ಮೂವತ್ತು ಪುಟದಷ್ಟು ಇಂಗ್ಲಿಷ್ ಕರಾರು ಸರಸರ ಇಳಿದು, ತಳದಲ್ಲಿ ‘ಒಪ್ಪಿದೆ’ ಎಂಬ ಗುಂಡಿ ಹೊಳೆಯಿತು. ‘ಒಪ್ಪಿಲ್ಲ’ ಎಂದರೆ ಟಿವಿ ಕನ್ನಡಿಯಷ್ಟೇ ಉಪಯೋಗಕ್ಕೆ ಬರುವುದು. ಗಾಜು, ತಗಡು, ವೈರು ನನಗೆ; ಅದನ್ನು ನಡೆಸುವ ತಂತ್ರಾಂಶಕ್ಕೆ ಬರೀ ಬಳಸುವ ಪರವಾನಗಿ, ಬೇಕಾದಾಗ ಬದಲಿಸುವ ಹಕ್ಕು ಅವರಲ್ಲೇ. ಅಂಗಡಿಯವರು ಹೇಳಿದ ಮಾತನ್ನೇ ವಕೀಲರು ಮೂವತ್ತು ಪುಟಕ್ಕೆ ಹಿಗ್ಗಿಸಿದ್ದರು.

ಅಪ್‌ಡೇಟ್ ಎಂಬುದೇ ಕೆಟ್ಟದ್ದೆಂದು ನನ್ನ ತಕರಾರಿಲ್ಲ. ವಿಕ್ರಮಾದಿತ್ಯನೂ ಒಂದು ಅಪ್‌ಡೇಟ್ ತಂದವನೇ. ಪಟ್ಟಕ್ಕೆ ಬಂದವನು ಶಕವರ್ಷ ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷ ಶುರುಮಾಡಿದ. ಅದಕ್ಕಾಗಿ ಹಳೆಯ ಶಾಸನಗಳೇನೂ ಓದಲಾಗದಂತೆ ಆಗಲಿಲ್ಲ. ನಮ್ಮ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಚೆಲುವೆ ಬೆನ್ನು ಬಳುಕಿಸಿ ನಿಂತು ಅವನ ಹೊಗಳಿಕೆಯ ಶಾಸನ ಬರೆಯುತ್ತಿದ್ದಾಳೆ. ಒಂಬತ್ತು ನೂರು ವರ್ಷವಾಗುತ್ತ ಬಂತು, ಕಲ್ಲು ‘ಈ ಸಾಧನಕ್ಕೆ ಬೆಂಬಲವಿಲ್ಲ’ ಎಂದಿಲ್ಲ.

ಈ ಕಂಪನಿಗಳು ಯಾರಿಗೂ ಓಗೊಡುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರೆಂಬ ಕನ್ನಡ ಸುದ್ದಿಯನ್ನು ಫೇಸ್‌ಬುಕ್ಕಿನ ಯಂತ್ರ ತಾನಾಗಿ ಇಂಗ್ಲಿಷಿಗೆ ತಿರುಗಿಸಿತು. ಆ ಇಂಗ್ಲಿಷಿನಲ್ಲಿ ತೀರಿಕೊಂಡವರು ಮುಖ್ಯಮಂತ್ರಿಗಳು. ಅವರು ಬಹಿರಂಗವಾಗಿ ಆಕ್ಷೇಪಿಸಿದರು, ಕಂಪನಿಗೆ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿತು. 2021ರ ಜೂನಿನಲ್ಲಿ ಭಾರತದ ಕುರೂಪಿ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ಹುಡುಕಾಟ ಕನ್ನಡದ ಹೆಸರು ತೋರಿಸುತ್ತಿತ್ತು. ನಾಡಿಗೆ ನಾಡೇ ಎದ್ದು ಕೂಗಿತು, ಸರ್ಕಾರ ನೋಟಿಸಿನ ಮಾತೆತ್ತಿತು, ಗೂಗಲ್ಲೂ ಕ್ಷಮೆ ಕೇಳಿತು. ಅಂದರೆ ಈ ಕಂಪನಿಗಳ ಒಳಗೆ ಎಲ್ಲೋ ಮನುಷ್ಯರು ಇದ್ದಾರೆ. ಅವರನ್ನು ಹೊರಗೆ ಕರೆಯಬೇಕಾದರೆ ನೀವು ಮುಖ್ಯಮಂತ್ರಿಯಾಗಿರಬೇಕು, ಇಲ್ಲವೇ ಕೋಟಿಗಟ್ಟಲೆ ಜನ ಒಟ್ಟಿಗೆ ಕೂಗಬೇಕು. ಹುಮನಾಬಾದಿನ ಒಬ್ಬ ಮುದುಕಿಯ ವಚನದ ಆ್ಯಪ್ ಈ ಎರಡಕ್ಕೂ ಸೇರುವುದಿಲ್ಲ.

ನಮ್ಮ ಪೇಟೆಯ ರಿಪೇರಿ ಹುಡುಗರು ಒಂದು ಕಾಲಕ್ಕೆ ಈ ಕೊರತೆಯನ್ನು ತುಂಬುತ್ತಿದ್ದರು. ಬಿಸಿಗಾಳಿಯ ಗನ್ನು, ಸಣ್ಣ ಚಿಮುಟ ಹಿಡಿದು ಸತ್ತ ಫೋನನ್ನು ಎಬ್ಬಿಸುತ್ತಿದ್ದರು. ಈಗ ಕೆಲವು ಕಂಪನಿಗಳ ಫೋನಿಗೆ ಪರದೆ ಬದಲಿಸಿದರೆ ಇದು ಅಪರಿಚಿತ ಭಾಗವೆಂದು ಫೋನೇ ಚಾಡಿ ಹೇಳುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕಂಪನಿಗಳು ಅಲ್ಲಿ ರಿಪೇರಿಯ ಮಾಹಿತಿ ಹಾಕಬೇಕೆಂಬುದು ಉದ್ದೇಶ. ಪೇಟೆಯ ಹುಡುಗನಿಗೆ ಬೇಕಾದದ್ದು ಬಿಡಿಭಾಗ. 2023ರ ನವೆಂಬರ್ 30ರಂದು ಬಂದ ಇನ್ನೊಂದು ಮಾರ್ಗಸೂಚಿ ಆ್ಯಪು, ಜಾಲತಾಣಗಳ 13 ಬಗೆಯ ಕಪಟಗಳನ್ನು ಹೆಸರಿಟ್ಟು ಹಿಡಿಯಿತು. ಬೇಡವೆಂದವರನ್ನು ನಾಚಿಸುವುದು, ಪದೇ ಪದೇ ಪೀಡಿಸುವುದು, ಚಂದಾ ಬಲೆಗೆ ಕೆಡವಿ ಹೊರದಾರಿ ಮುಚ್ಚುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು. ಓದಿದಾಗ ನನಗೆ ಅರ್ಧ ಸಮಾಧಾನವಾಯಿತು. ಹುಚ್ಚು ನನಗೆ ಹಿಡಿದಿಲ್ಲ, ದೆಹಲಿಯವರಿಗೂ ಹೀಗೇ ಆಗಿದೆ.

ಇನ್ನರ್ಧ ಸಮಾಧಾನ ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿದೆ. 1986ರ ಗ್ರಾಹಕ ಕಾಯ್ದೆಯ ಪ್ರಕಾರ ದೂರು ಕೊಡುವವರು ಎದುರುಪಕ್ಷದ ಕಚೇರಿ ಎಲ್ಲಿದೆ, ವ್ಯವಹಾರ ಎಲ್ಲಿ ಹುಟ್ಟಿತು ಎಂದು ನೋಡಿಕೊಂಡು ಆ ಊರಿಗೆ ಅಲೆಯಬೇಕಿತ್ತು. 2019ರ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂದದ್ದು, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದಿತು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ರಾಜಿಗೆ ಯತ್ನಿಸಬಹುದು. ಒಂದು ಕೊಕ್ಕೆಯಂತೂ ಇದೆ: ಆ ‘ಒಪ್ಪಿದೆ’ ಕರಾರೇ ಅನ್ಯಾಯದ್ದೆಂದು ಹೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ, ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. ವಿಜ್ಞಾನೇಶ್ವರನ ಪ್ರಶ್ನೆ ಕೈಗೆ ಸಿಗದಷ್ಟು ಮೇಲೆಯೇ ಉಳಿಯಿತು. ಟಿವಿ ಕೆಟ್ಟಿತು, ಸೇವೆ ಸರಿಯಿಲ್ಲ ಎಂಬಷ್ಟು ಮಾತ್ರ ಬೀದರಿನಲ್ಲಿ ನಡೆದೀತು.

ನನಗೆ ಅಷ್ಟು ಸಾಕು. ಬೀದರಿನ ಆಯೋಗದ ಮುಂದೆ ಕಂಪನಿ ಯಂತ್ರವನ್ನು ನಿಲ್ಲಿಸಲಾರದು, ಮನುಷ್ಯರನ್ನೇ ಕಳಿಸಬೇಕಾಗುತ್ತದೆ, ಹೆಚ್ಚಾಗಿ ವಕೀಲರನ್ನು. ದೂರದ ಕಂಪನಿಗಳು ಇಂಥ ಸಣ್ಣ ವ್ಯಾಜ್ಯಕ್ಕೆ ಊರಿನವರನ್ನೇ ಹಿಡಿಯುವುದುಂಟು, ಖರ್ಚು ಕಡಿಮೆ. ಆ ವಕೀಲರು ಬೀದರಿನವರೋ ಭಾಲ್ಕಿಯವರೋ ಆಗಿರುತ್ತಾರೆ, ಮೂರು ಭಾಷೆಯಲ್ಲಿ ಜಗಳವಾಡಬಲ್ಲವರು. ಅವರ ಮನೆಯಲ್ಲೂ ಅದೇ ಕಂಪನಿಯ ಟಿವಿ ಇದ್ದೀತು.