ರಟ್ಟಿನ ಯಂತ್ರಮಾನವ

ವೇಷ ಧರಿಸುವ ಆಸೆಯು ಮನುಷ್ಯನಿಗೆ ಬಾಲ್ಯದಿಂದಲೇ ಅಂಟಿಬಂದುದು. ಪಶ್ಚಿಮ ದೇಶಗಳಲ್ಲಿ ಅಕ್ಟೋಬರ್ 31ರ ಇರುಳು, ಎಂದರೆ ಸಕಲ ಸಂತರ ಹಬ್ಬದ ಮುನ್ನಾದಿನ, ಮಕ್ಕಳು ಬಗೆಬಗೆಯ ವೇಷ ತೊಟ್ಟು ಮನೆಮನೆಗೂ ಹೋಗಿ ಸಿಹಿತಿಂಡಿ ಬೇಡುವರು. ನಮ್ಮ ನಾಡಿನಲ್ಲಿ ಹಗಲುವೇಷದವರು ರಾಮನಾಗಿ, ರಾವಣನಾಗಿ ಬೀದಿಬೀದಿಗಳಲ್ಲಿ ಆಡುತ್ತ ಬಂದಿರುವರು. ನಮ್ಮ ಶಾಲೆಯ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯೂ ಇದೇ ಬಳ್ಳಿಯ ಒಂದು ಕುಡಿಯೆಂದು ಹೇಳಬಹುದು.

1984ನೆಯ ಇಸವಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಾವು ಐವರು ಗೆಳತಿಯರು ಯಂತ್ರಮಾನವನ ವೇಷವನ್ನು ಕಟ್ಟಲು ನಿಶ್ಚಯಿಸಿದೆವು. ಕೆಳದಿಯ ಚೆನ್ನಮ್ಮನಿಗೂ ಕಿತ್ತೂರಿನ ಚೆನ್ನಮ್ಮನಿಗೂ ರೇಷ್ಮೆಯ ಸೀರೆ ಬೇಕು, ಒಡವೆ ಬೇಕು. ನಮ್ಮ ಮನೆಗಳಲ್ಲಿ ಅವು ಸುಲಭವಾಗಿ ಹೊರಬೀಳುವ ವಸ್ತುಗಳಾಗಿರಲಿಲ್ಲ. ಯಂತ್ರಮಾನವನಾದರೋ ರಟ್ಟಿನ ಪೆಟ್ಟಿಗೆಯಿಂದಲೇ ತೃಪ್ತನಾಗುವವನು.

ಶಿವಮೊಗ್ಗೆಯ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಎರಡು ಖಾಲಿ ಪೆಟ್ಟಿಗೆಗಳನ್ನು ಬೇಡಿ ಪಡೆದು, ಮಡಿಸಿ ಕಂಕುಳಲ್ಲಿಟ್ಟುಕೊಂಡು, ಒಂದು ಶನಿವಾರ ಮಧ್ಯಾಹ್ನ ರೈಲಿನಲ್ಲಿ ಭದ್ರಾವತಿಗೆ ಹೋದೆವು. ನಮ್ಮಲ್ಲಿ ಒಬ್ಬಳ ತಂದೆಯವರು ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಬಳಿ ಕೆಲಸದಲ್ಲಿದ್ದರು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಲಿನಿಂದ ಕರಗಿಸಿ ಕಬ್ಬಿಣ ತೆಗೆಯುವ ಕಾರ್ಯವು 1923ರಲ್ಲಿ ಮೊದಲಾಯಿತು. ಇಂತಹ ಊರಿಗಿಂತ ಯಂತ್ರಮಾನವನ ಜನನಕ್ಕೆ ಯೋಗ್ಯವಾದ ಸ್ಥಳ ಬೇರೆಲ್ಲಿ ದೊರೆತೀತು!

ದೊಡ್ಡ ಪೆಟ್ಟಿಗೆ ದೇಹವಾಯಿತು, ಚಿಕ್ಕದು ತಲೆಯಾಯಿತು. ರಟ್ಟಿನ ಒಳಗಿರುವ ಸಾಲುಮಡಿಕೆಗಳ ನೇರಕ್ಕೆ ಸುತ್ತಿದರೆ ಅದು ಸುಲಭವಾಗಿ ಕೊಳವೆಯಾಗುವುದು, ಅಡ್ಡವಾಗಿ ಸುತ್ತಿದರೆ ಮುರಿಯುವುದು ಎಂಬುದನ್ನು ಕೈಗಳನ್ನು ಮಾಡುವಾಗ ತಿಳಿದೆವು. ಮೈದಾಹಿಟ್ಟಿನ ಅಂಟಿಗೆ ಹುಳು ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸಿದೆವು. ಮೈತುಂಬ ಬೇಗಡೆ ಕಾಗದ; ಎದೆಯ ಮೇಲೆ ಸೋಡಾ ಸೀಸೆಗಳ ಮುಚ್ಚಳ; ಹಣೆಯಲ್ಲಿ ಟಾರ್ಚಿನ ಬಲ್ಬು. ಕೊನೆಗೆ ಎದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆವು: ‘ಹಸಿವಿಲ್ಲ, ದಣಿವಿಲ್ಲ, ನಿದ್ರೆಯಿಲ್ಲ.’

ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಗೆಳತಿಯ ತಂದೆಯವರು ನಮ್ಮ ಕೃತಿಯನ್ನು ಸುತ್ತಲೂ ನೋಡಿ, “ಚೆನ್ನಾಗಿದೆ ಮಕ್ಕಳೇ, ಆದರೆ ಗಾಳಿಗೆ ದಾರಿ ಎಲ್ಲಿ? ಬಿಸಿಯಲ್ಲಿ ನಿಲ್ಲುವವರು ಮೊದಲು ಅದನ್ನು ನೋಡಿಕೊಳ್ಳಬೇಕು” ಎಂದು ಹೇಳಿ, ತಾವೇ ಚಾಕು ಹಿಡಿದು ಬಾಯಿಯ ಎದುರಿಗೂ ಬೆನ್ನಿನ ಮೇಲೂ ಕಿಂಡಿಗಳನ್ನು ಕೊರೆದುಕೊಟ್ಟರು. ಬಳಿಕ ಎದೆಯ ಬರಹವನ್ನು ಓದಿ, ನಗುತ್ತಲೇ ಕೇಳಿದರು: “ದಣಿವೇ ಇಲ್ಲದವನಿಗೆ ಇನ್ನೊಬ್ಬರ ದಣಿವು ಹೇಗಮ್ಮ ತಿಳಿದೀತು? ಇವನು ಬಂದರೆ ನನ್ನ ಕೆಲಸದ ಗತಿಯೇನು?” ನಾವೂ ನಕ್ಕೆವು, ಉತ್ತರ ಮಾತ್ರ ನಮ್ಮಲ್ಲಿರಲಿಲ್ಲ.

ಸ್ಪರ್ಧೆಯ ದಿನ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಪೆಟ್ಟಿಗೆಯೊಳಗೆ ಹೊಕ್ಕಳು. ಅವಳಿಗೆ ಮೆಟ್ಟಿಲು ಕಾಣದು, ಕೂರಲಾಗದು, ಮೂಗಿನ ತುರಿಕೆಗೆ ಕೈ ಎಟುಕದು. ಇಬ್ಬರು ಎರಡು ಕಡೆ ಹಿಡಿದು ವೇದಿಕೆಗೆ ಏರಿಸಿದೆವು. ಉಪಾಧ್ಯಾಯಿನಿಯವರು, “ಯಂತ್ರಮಾನವನೇ, ನಿನಗೇನು ಬೇಕು?” ಎಂದು ಕೇಳಿದರು. ‘ಏನೂ ಬೇಡ’ ಎಂದು ಉತ್ತರಿಸಬೇಕೆಂದು ನಾವು ಕಲಿಸಿದ್ದೆವು. ಪೆಟ್ಟಿಗೆಯೊಳಗಿನಿಂದ ಕ್ಷೀಣವಾದ ಧ್ವನಿಯೊಂದು ಬಂದಿತು: “ಮಿಸ್, ನೀರು ಬೇಕು.” ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಬಹುಮಾನ ಕೆಳದಿಯ ಚೆನ್ನಮ್ಮನಿಗೆ ಹೋಯಿತು. ಅವಳಿಗೆ ಅದು ನ್ಯಾಯವೇ. ಆದರೆ ಆ ದಿನದ ಮಾತು ಇಂದಿಗೂ ಗೆಳತಿಯರ ಬಾಯಲ್ಲಿ ಉಳಿದಿರುವುದು ನೀರು ಬೇಡಿದ ಯಂತ್ರಮಾನವನದೇ.

ರೋಬೋ ಎಂಬ ಪದದ ಹುಟ್ಟನ್ನು ನಾವು ತಿಳಿದುದು ಬಹುಕಾಲದ ಮೇಲೆ. ಚೆಕ್ ಭಾಷೆಯ ಲೇಖಕರಾದ ಕಾರೆಲ್ ಚಾಪೆಕ್ ಎಂಬವರು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹರಡಿತು. ಅವರಿಗೆ ಈ ಪದವನ್ನು ಸೂಚಿಸಿದವರು ಅಣ್ಣ ಯೋಸೆಫ್. ಅದರ ಮೂಲಾರ್ಥ ಬಿಟ್ಟಿಚಾಕರಿ ಎಂದು. ಕೂಲಿ ಬೇಡದ, ನೋವರಿಯದ ಆಳುಗಳನ್ನು ಮನುಷ್ಯರು ತಯಾರಿಸುವುದೇ ಆ ನಾಟಕದ ವಸ್ತು. ಅದನ್ನು ಎಂದೂ ಓದದ ಆ ಕುಲುಮೆಯ ಕೆಲಸಗಾರರು ಅದರ ತಿರುಳನ್ನು ಒಂದೇ ಪ್ರಶ್ನೆಯಲ್ಲಿ ಹೇಳಿಬಿಟ್ಟಿದ್ದರಲ್ಲ!

ಅವರ ಪ್ರಶ್ನೆ ಇಂದು ಮತ್ತಷ್ಟು ಭಾರವಾಗಿದೆ. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಅದನ್ನು ನಂಬಿದ್ದ ಮನೆಗಳ ಚಿಂತೆಯನ್ನು ಆ ಊರಿನವರೆಲ್ಲ ಬಲ್ಲರು. ಯಂತ್ರ ನಿಂತರೂ ಹಸಿವು ನಿಲ್ಲದು. ಇತ್ತ ಲೋಕದಲ್ಲಿ ಮಾತನಾಡುವ, ಬರೆಯುವ ಯಂತ್ರಗಳೇ ಬಂದಿವೆ. ಅವುಗಳನ್ನು ದ್ವೇಷಿಸಬೇಕೆಂದು ನಾವು ಹೇಳುವುದಿಲ್ಲ. ‘ನೀರು ಬೇಕು’ ಎನ್ನುವ ದನಿಯನ್ನು ಕೇಳಿ ಲೋಟ ಹಿಡಿದು ಓಡಿಬರುವ ಕೆಲಸವನ್ನು ಮಾತ್ರ ಅವುಗಳಿಗೆ ಒಪ್ಪಿಸದಿರೋಣ.

ಪೋಷಕರೇ, ಇಂದು ಯಾವ ವೇಷವನ್ನಾದರೂ ಹಣ ಕೊಟ್ಟು ಮನೆಬಾಗಿಲಿಗೆ ತರಿಸಬಹುದು. ಆದರೂ ಒಮ್ಮೆ ನಿಮ್ಮ ಹೆಣ್ಣುಮಕ್ಕಳ ಮುಂದೆ ಖಾಲಿ ಪೆಟ್ಟಿಗೆಯನ್ನೂ ಒಂದು ಬಟ್ಟಲು ಅಂಟನ್ನೂ ಇಟ್ಟು ನೋಡಿರಿ. ವೇಷ ಸೊಟ್ಟಗಾದರೆ ಆಗಲಿ. ಒಬ್ಬಳು ಒಳಗಿದ್ದರೆ ನಾಲ್ವರು ಹೊರಗೆ ನಿಂತು ಕೈಹಿಡಿಯಬೇಕೆಂಬ ಪಾಠವನ್ನು ಅವರು ತಾವಾಗಿಯೇ ಕಲಿಯುವರು.