ಕೀಲಿಯೊಳಗಿನ ಗುರುತು

ನಮ್ಮ ತೋವಿನಕೆರೆಯ ಕಡೆ ಹಿಂದೆ ಓಡಾಡುತ್ತಿದ್ದ ಜೀಪುಗಳಿಗೆ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದರು; ತಿರುಗಿಸುವವನು ಯಾರೆಂದು ಎಂಜಿನ್ ಕೇಳುತ್ತಿರಲಿಲ್ಲ. ಕೇಳುವ ಎಂಜಿನ್ನನ್ನು ನಾನು ಕಂಡದ್ದು ಕೆನಡಾದ ವಿನಿಪೆಗ್‌ನಲ್ಲಿ, ಮಗಳ ಮನೆಯಲ್ಲಿ. ಜನವರಿಯ ಬೆಳಗು, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ. ಒಳಗಿನಿಂದಲೇ ಗುಂಡಿಯೊತ್ತಿ ಕಾರನ್ನು ಬೆಚ್ಚಗಾಗಿಸಲೆಂದು ಅಳಿಯಂದಿರು ರಿಮೋಟ್ ಸ್ಟಾರ್ಟರ್ ಹಾಕಿಸಿದ್ದರು. ಎಂಜಿನ್ ಮಾತ್ರ ಕ್ಷಣಕಾಲ ಗುಡುಗುಟ್ಟಿ ನಿಂತುಬಿಡುತ್ತಿತ್ತು.

ಕೀಲಿಯ ತಲೆಯೊಳಗೆ ಬ್ಯಾಟರಿಯಿಲ್ಲದ ಪುಟ್ಟ ಚಿಪ್ ಒಂದಿದೆ. ಕೀಲಿ ಹಾಕುವ ಜಾಗವನ್ನು ಸುತ್ತಿದ ತಂತಿಸುರುಳಿ ರೇಡಿಯೊ ಅಲೆಯಿಂದ ಅದಕ್ಕೆ ಶಕ್ತಿಯುಣಿಸಿ ಗುರುತು ಕೇಳುತ್ತದೆ. ಸರಿಯುತ್ತರ ಬಾರದಿದ್ದರೆ ಎಂಜಿನ್ ನಡೆಯಗೊಡದು. ಒಂದು ಕಾಲಕ್ಕೆ ವಿನಿಪೆಗ್ ಕಾರುಗಳ್ಳತನಕ್ಕೆ ಕುಖ್ಯಾತವಾಗಿತ್ತು. ಇಂಥ ಕಾವಲನ್ನು ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಿತು.

ಕೆಲಸಗಾರನೊಬ್ಬ ಸುಲಭೋಪಾಯ ಹೇಳಿದ: ಇನ್ನೊಂದು ಕೀಲಿಗೆ ಸುರುಳಿ ಸುತ್ತಿ ಡ್ಯಾಶ್‌ಬೋರ್ಡಿನೊಳಗೆ ಅಡಗಿಸಿಡುವುದು. ಮನೆಯ ಬೀಗದ ಕೈಯನ್ನು ಹೊಸ್ತಿಲಲ್ಲೇ ಹೂತಿಟ್ಟಂತೆ! ಅಳಿಯಂದಿರು ಒಪ್ಪಲಿಲ್ಲ. ಕಾರಿನ ಗಣಕದೊಡನೆ ತಾನೇ ಸಂಭಾಷಿಸುವ ಬೈಪಾಸ್ ಪೆಟ್ಟಿಗೆಯನ್ನು ತರಿಸಿ, ಅಸಲಿ ಕೀಲಿಯಿಂದ ಅದಕ್ಕೆ ಗುರುತು ಕಲಿಸಿದ ಮೇಲೆ ಎಂಜಿನ್ ನಿಲ್ಲಲಿಲ್ಲ. ಕೀಲಿಯಿಲ್ಲದೆ ಯಾರಾದರೂ ಒಳಹೊಕ್ಕು ಬ್ರೇಕ್ ತುಳಿದರೆ ತಾನಾಗಿ ಆರಿಹೋಗುತ್ತದೆ.

ನನ್ನನ್ನು ಕಾಡಿದ್ದು ಕಳ್ಳನಲ್ಲ, ಮನೆಗೆ ಅಂಟಿಕೊಂಡ ಮುಚ್ಚಿದ ಗ್ಯಾರೇಜು. ಅಲ್ಲಿ ಎಂಜಿನ್ ಓಡಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನೇ ಕೊಲ್ಲಬಲ್ಲದು; ಬಾಗಿಲು ತೆರೆದಿಟ್ಟರೂ ಸಾಲದು. ತರಗತಿಯ ಹಳೆಯ ದನಿಯಲ್ಲೇ ಹೇಳಿದೆ. ಆ ರಾತ್ರಿಯಿಂದ ಕಾರು ಅಂಗಳದ ಹಿಮದಲ್ಲಿ ನಿಲ್ಲುತ್ತಿದೆ.